ಆನೆ ಇರೋ ಬ್ಯಾಡ್ಜು, ಹುಲಿ ಇರೋ ಕಾಲರು: ಸ್ಕಾಟಿಷ್ ರೆಜಿಮೆಂಟ್‌ಗಳ ಹಳೇ ಸಾಮಾನು ಕೂಡಿಸೋಕೆ ಶುರು ಮಾಡೋದು ಹೇಗೆ

ಗ್ಲಾಸ್ಗೋದಲ್ಲಿ ಬ್ಯಾರಸ್ ಅಂತ ಒಂದು ಸಂತೆ ಇದೆ, ಶನಿವಾರ ಭಾನುವಾರ ನಡೆಯತ್ತೆ. ಕೆಲಸದ ಮೇಲೆ ಅಲ್ಲಿದ್ದಾಗ ಒಂದು ದಿನ ಸುಮ್ನೆ ಹೋಗಿದ್ದೆ, ಒಂದು ಟೇಬಲ್ ಮೇಲೆ ಹರಡಿದ್ದ ಬಿಳಿ ಲೋಹದ ಬ್ಯಾಡ್ಜುಗಳಲ್ಲಿ ಒಂದರ ಕೆಳಗಡೆ ಪುಟ್ಟದೊಂದು ಆನೆ ಕಾಣಿಸ್ತು. ಮೇಲೆ ಕಿರೀಟ, ಮಧ್ಯೆ ಕಹಳೆ, ಆನೆ ಮೇಲೊಂದು ಪಟ್ಟಿಯಲ್ಲಿ ಅಸ್ಸಾಯೆ ಅಂತ ಬರೆದಿದೆ. ನಾನು ಮೈಸೂರಿನವನು, ದಸರಾ ಆನೆ ನೋಡ್ಕೊಂಡು ಬೆಳೆದವನು, ಸ್ಕಾಟ್ಲೆಂಡಿನ ಸಿಪಾಯಿ ಟೋಪಿ ಮೇಲೆ ಆನೆ ಹೇಗೆ ಬಂತು ಅಂತ ತಿಳ್ಕೊಳ್ಳದೆ ಆ ಟೇಬಲ್ ಬಿಟ್ಟು ಹೋಗೋಕೆ ಮನಸ್ಸೇ ಬರಲಿಲ್ಲ. 15 ಪೌಂಡ್ ಕೊಟ್ಟು ತಗೊಂಡೆ. ಅದು ಹೈಲ್ಯಾಂಡ್ (ಅಂದ್ರೆ ಸ್ಕಾಟ್ಲೆಂಡಿನ ಗುಡ್ಡಗಾಡು) ಲೈಟ್ ಇನ್‌ಫೆಂಟ್ರಿ ಅನ್ನೋ ರೆಜಿಮೆಂಟಿನ ಬ್ಯಾಡ್ಜು, ಅದರ ಅರ್ಧಭಾಗ 74ನೇ ಹೈಲ್ಯಾಂಡರ್ಸ್, ಆ 74ನೇಯವರು ಮರಾಠರ ಜೊತೆಗಿನ ಅಸ್ಸಾಯೆ ಯುದ್ಧಕ್ಕೆ ಹೋಗೋಕೆ ನಾಲ್ಕು ವರ್ಷ ಮುಂಚೆ ನಮ್ಮ ಶ್ರೀರಂಗಪಟ್ಟಣದ ಕೋಟೆ ಮುಂದೆ ನಿಂತಿದ್ದವರು ಅಂತ ಆಮೇಲೆ ಗೊತ್ತಾಯ್ತು. ಅವತ್ತಿಂದ ಹಿಡಿದ ಹುಚ್ಚು ಇದು.

ಈ ಕಡೆ ಆಸಕ್ತಿ ಇರೋರು ಆಗಾಗ ನನ್ನ ಕೇಳ್ತಿರ್ತಾರೆ, ಎಲ್ಲಿಂದ ಶುರು ಮಾಡ್ಲಿ, ಏನು ತಗೊಳ್ಲಿ, ನಕಲಿ ಹೇಗೆ ಗೊತ್ತಾಗತ್ತೆ ಅಂತ. ಅದಕ್ಕೇ ನಾನು ಕಲ್ತಿದ್ದನ್ನ ವರಸೆಯಾಗಿ ಬರೀತಿದೀನಿ. ಒಂದೇ ಮಾತು ಮೊದಲೇ ಹೇಳಿಬಿಡ್ತೀನಿ: ಈ ಸಾಮಾನುಗಳು ಓದಬೇಕಾದ ವಸ್ತುಗಳು, ಸಂಖ್ಯೆ, ಕಿರೀಟ, ಹಿಂಭಾಗದ ಕೊಂಡಿ, ಸವೆತ ಎಲ್ಲಾನೂ ಏನೋ ಹೇಳ್ತಿರತ್ತೆ, ಓದೋಕೆ ಬರೋವರೆಗೂ ಪರ್ಸ್ ತೆಗೀಬೇಡಿ.

ಮೊದಲ ಹೆಜ್ಜೆ: ಒಂದು ಎಳೆ ಹಿಡ್ಕೊಳ್ಳಿ

ಸ್ಕಾಟಿಷ್ ಸಾಮಾನು ಅಂತ ಎಲ್ಲಾನೂ ಕೊಳ್ಳೋಕೆ ಹೊರಟ್ರೆ ಮನೆ ತುಂಬತ್ತೆ, ತಲೆಗೆ ಏನೂ ಹೋಗಲ್ಲ. ಒಬ್ಬರು ಒಂದೇ ರೆಜಿಮೆಂಟ್ ಹಿಡೀತಾರೆ, ಇನ್ನೊಬ್ಬರು ಬರೀ ಗುಂಡಿಗಳು, ಮತ್ತೊಬ್ಬರು ಬರೀ ಮೊದಲ ಮಹಾಯುದ್ಧದ ಕಾಲದ್ದು. ನಾನು ಹಿಡಿದ ಎಳೆ ಕರ್ನಾಟಕದ ನೆಲದ ಮೇಲೆ ಕಾದಾಡಿದ ರೆಜಿಮೆಂಟುಗಳು. ನೀವು ಬೇರೆ ಏನಾದ್ರೂ ಹಿಡೀಬಹುದು, ಆದ್ರೆ ನಮ್ಮೂರಲ್ಲೇ ಕೂತು ಕೂಡಿಸೋರಿಗೆ ಇದು ಒಳ್ಳೇ ದಾರಿ, ಯಾಕೆ ಅಂದ್ರೆ ಕಥೆಯ ಅರ್ಧ ಭಾಗದ ಜಾಗಗಳನ್ನ ಬಸ್ಸಲ್ಲಿ ಹೋಗಿ ನೋಡ್ಕೊಂಡು ಬರಬಹುದು.

ಆ ಕಥೆ ಸ್ವಲ್ಪ ಹೇಳ್ತೀನಿ, ಇದಿಲ್ದೆ ಮುಂದಿನದ್ದು ಅರ್ಥ ಆಗಲ್ಲ. 1780ರ ಸೆಪ್ಟೆಂಬರ್ 10ಕ್ಕೆ ಕಾಂಚೀಪುರದ ಹತ್ತಿರದ ಪೊಳ್ಳಿಲೂರಲ್ಲಿ ಹೈದರ್ ಮತ್ತೆ ಟಿಪ್ಪು ಸೇನೆ ಬ್ರಿಟಿಷರ ಕಡೆಯ ಕರ್ನಲ್ ಬೇಲಿ ಪಡೆಯನ್ನ ಪುಡಿ ಮಾಡಿದಾಗ ಸಿಕ್ಕಿಬಿದ್ದವರಲ್ಲಿ ಮ್ಯಾಕ್ಲಿಯಾಡ್ಸ್ ಹೈಲ್ಯಾಂಡರ್ಸ್ ಅನ್ನೋ ಸ್ಕಾಟಿಷ್ ರೆಜಿಮೆಂಟಿನ ಕಂಪನಿಗಳೂ ಇದ್ವು, ಆಗ ಅದರ ನಂಬರ್ 73. ಅದರ ಒಬ್ಬ ಕ್ಯಾಪ್ಟನ್ ಡೇವಿಡ್ ಬೇರ್ಡ್, ಗಾಯಗೊಂಡು ಸೆರೆ ಸಿಕ್ಕಿ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕಿಂತ ಜಾಸ್ತಿ ಬಂಧಿ ಆಗಿದ್ದ, 1784ರಲ್ಲಿ ಬಿಡುಗಡೆ ಆಯ್ತು. ಅದೇ ಬೇರ್ಡ್ 1799ರ ಮೇ 4ಕ್ಕೆ ಮೇಜರ್ ಜನರಲ್ ಆಗಿ ಅದೇ ಕೋಟೆ ಮೇಲೆ ದಾಳಿ ಮಾಡಿದ ಪಡೆಗೆ ಮುಂದಾಳು. ಆ ದಿನದ ಸೇನೆಯಲ್ಲಿದ್ದ ಸ್ಕಾಟಿಷ್ ಪಡೆಗಳು 73, 74, 75 ಮತ್ತೆ ಸ್ಕಾಚ್ ಬ್ರಿಗೇಡ್. 75ನೇಯವರು ಬಾಂಬೆ ಸೇನೆ ಜೊತೆ ಕೊಡಗಿನ ದಾರಿಯಲ್ಲಿ ಬಂದವರು.

ಮಂಗಳೂರಿನ ಕಥೆ ಇವೆರಡರ ಮಧ್ಯದ್ದು. 1783ರ ಮೇ ತಿಂಗಳಿಂದ 1784ರ ಜನವರಿ ಕೊನೇವರೆಗೂ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದಾಗ ಒಳಗಿದ್ದವರು ಕರ್ನಲ್ ಜಾನ್ ಕ್ಯಾಂಬೆಲ್ ಕೈಕೆಳಗೆ 42ನೇ ರೆಜಿಮೆಂಟಿನ ಎರಡನೇ ಬೆಟಾಲಿಯನ್, ಜೊತೆಗೆ ಬಾಂಬೆ ಸಿಪಾಯಿಗಳು. ಹಸಿವು, ರೋಗ ತಡೀಲಾರದೆ ಕೊನೆಗೆ ಕೋಟೆ ಬಿಟ್ಟುಕೊಟ್ರು. ಆ ಬೆಟಾಲಿಯನ್ 1786ರಲ್ಲಿ ಬೇರೆಯಾಗಿ 73ನೇ ರೆಜಿಮೆಂಟ್ ಆಯ್ತು, 1881ರಲ್ಲಿ ತಿರುಗಾ 42ರ ಜೊತೆ ಸೇರಿ ಬ್ಲ್ಯಾಕ್ ವಾಚ್ ಆಯ್ತು. ಹಾಗಾಗಿ ಬ್ಲ್ಯಾಕ್ ವಾಚಿನ ಯುದ್ಧಗೌರವಗಳ ಪಟ್ಟಿಯಲ್ಲಿ ಮಂಗಳೂರು, ಮೈಸೂರು, ಶ್ರೀರಂಗಪಟ್ಟಣ ಮೂರೂ ಹೆಸರಿವೆ. ಪರ್ತ್ ಊರಿನ ಬಾಲ್‌ಹೌಸಿ ಕ್ಯಾಸಲ್‌ನಲ್ಲಿ ಅವರ ಮ್ಯೂಸಿಯಂ ಇದೆ, ಯಾವತ್ತಾದ್ರೂ ಹೋದ್ರೆ ಒಂದು ಪೂರ್ತಿ ದಿನ ಇಟ್ಕೊಳ್ಳಿ.

ಇವರು ನಮ್ಮ ನೆಲದ ಮೇಲೆ ದಾಳಿ ಮಾಡಿದವರು, ಇವರ ಸಾಮಾನು ಯಾಕೆ ಕೂಡಿಸಬೇಕು ಅಂತ ನಮ್ಮ ದೊಡ್ಡಪ್ಪ ನನ್ನ ಕೇಳಿದ್ರು. ನ್ಯಾಯವಾದ ಪ್ರಶ್ನೆ. ಆ ಯುದ್ಧಗಳಲ್ಲಿ ಎರಡೂ ಕಡೆ ಸತ್ತವರಲ್ಲಿ ಹೆಚ್ಚಿನವರು ಈ ದೇಶದವರೇ, ಅವರ ಗುಂಡಿ ಬ್ಯಾಡ್ಜು ಯಾರೂ ತೆಗೆದಿಟ್ಟಿಲ್ಲ, ಹೆಸರೂ ಉಳಿದಿಲ್ಲ. ಗೆದ್ದವರ ಸಾಮಾನು ಮಾತ್ರ ಉಳಿದಿದೆ, ಅದನ್ನ ನಾವು ನಮ್ಮ ಕಣ್ಣಿಂದ ಓದಿದ್ರೆ ನಮ್ಮ ಕಡೆಯವರ ಕಥೇನೂ ಅದರಲ್ಲಿ ಸಿಗತ್ತೆ ಅಂತ ನನ್ನ ನಂಬಿಕೆ. ದೊಡ್ಡಪ್ಪನಿಗೂ ಇದನ್ನೇ ಹೇಳಿದೆ.

ಎರಡನೇದು: 1881 ಅನ್ನೋ ಇಸವಿ, ಮತ್ತೆ ಸಂಖ್ಯೆಗಳ ಬಲೆ

ಬ್ರಿಟಿಷ್ ಕಾಲಾಳು ರೆಜಿಮೆಂಟುಗಳು 1881ರ ಜುಲೈ 1ರವರೆಗೂ ಸಂಖ್ಯೆಯಿಂದ ಗುರುತಾಗ್ತಿದ್ವು, ಅವತ್ತಿಂದ ಎರಡೆರಡು ಸೇರಿಸಿ ಹೆಸರು ಕೊಟ್ರು. ನಮ್ಮ ಎಳೆಗೆ ಬೇಕಾಗಿದ್ದು ಇಷ್ಟು: 42 ಮತ್ತೆ 73 ಸೇರಿ ಬ್ಲ್ಯಾಕ್ ವಾಚ್, 71 ಮತ್ತೆ 74 ಸೇರಿ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ, 72 ಮತ್ತೆ 78 ಸೇರಿ ಸೀಫೋರ್ತ್ ಹೈಲ್ಯಾಂಡರ್ಸ್, 75 ಮತ್ತೆ 92 ಸೇರಿ ಗಾರ್ಡನ್ ಹೈಲ್ಯಾಂಡರ್ಸ್. 91 ಮತ್ತೆ 93 ಸೇರಿ ಆರ್ಗೈಲ್ ಆಂಡ್ ಸದರ್ಲೆಂಡ್, 79 ಒಂದೇ ಕ್ಯಾಮರನ್ ಹೈಲ್ಯಾಂಡರ್ಸ್. ಆಮೇಲೂ ಸೇರಿಸ್ತಾ ಹೋದ್ರು, 1959, 1961, 1994, ಕೊನೆಗೆ 2006ರಲ್ಲಿ ಉಳಿದಿದ್ದೆಲ್ಲ ಕೂಡಿ ರಾಯಲ್ ರೆಜಿಮೆಂಟ್ ಆಫ್ ಸ್ಕಾಟ್ಲೆಂಡ್. ಈ ಪಟ್ಟಿ ಒಂದು ಚೀಟಿ ಮೇಲೆ ಬರ್ಕೊಂಡು ಪರ್ಸಲ್ಲಿ ಇಟ್ಕೊಳ್ಳಿ, ನಾನೂ ಹಾಗೇ ಮಾಡಿದ್ದು.

ಸಂಖ್ಯೆ ಇದ್ರೆ 1881ಕ್ಕೆ ಮುಂಚಿನದು ಅಂತ ಸುಲಭವಾಗಿ ಹೇಳಬಹುದು, ಆದ್ರೆ ಯಾವ ರೆಜಿಮೆಂಟ್ ಅಂತ ಅಷ್ಟು ಸುಲಭ ಅಲ್ಲ. ಸಂಖ್ಯೆಗಳು ಒಬ್ಬರಿಂದ ಒಬ್ಬರಿಗೆ ಹೋಗ್ತಿದ್ವು. ಪೊಳ್ಳಿಲೂರಿನ ಮ್ಯಾಕ್ಲಿಯಾಡ್ಸ್ ಆಗ 73, ಅದು 1786ರಲ್ಲಿ 71 ಆಯ್ತು. ಅದೇ ವರ್ಷ ಮಂಗಳೂರಿನ ಬೆಟಾಲಿಯನ್ 73 ಆಯ್ತು. ಅಂದ್ರೆ 1786ಕ್ಕೆ ಮುಂಚಿನ 73 ಬೇರೆ, ಆಮೇಲಿನ 73 ಬೇರೆ! ಇನ್ನು 71ರ ಕಥೆ: ಅಮೆರಿಕದಲ್ಲಿ ನೆಲದಿಂದ ಸಿಗೋ 71 ಅಂತಿರೋ ಗುಂಡಿಗಳು ಸಾಮಾನ್ಯವಾಗಿ ಫ್ರೇಸರ್ಸ್ ಹೈಲ್ಯಾಂಡರ್ಸ್‌ದು, 1775ರಲ್ಲಿ ಅಮೆರಿಕನ್ ಯುದ್ಧಕ್ಕೆ ಅಂತ ಕಟ್ಟಿ ಆಮೇಲೆ ವಿಸರ್ಜನೆ ಮಾಡಿದ ರೆಜಿಮೆಂಟ್, ಅವರಿಗೂ ಮೈಸೂರಿಗೂ ಸಂಬಂಧವೇ ಇಲ್ಲ. ಸ್ಕಾಚ್ ಬ್ರಿಗೇಡ್‌ಗೆ 94 ಅನ್ನೋ ಸಂಖ್ಯೆ ಸಿಕ್ಕಿದ್ದು 1802ರಲ್ಲಿ, ಶ್ರೀರಂಗಪಟ್ಟಣ ಬಿದ್ದು ಮೂರು ವರ್ಷ ಆದ್ಮೇಲೆ, ಆ ರೆಜಿಮೆಂಟನ್ನ 1818ರಲ್ಲಿ ಮುಚ್ಚಿ 1823ರಲ್ಲಿ ಬೇರೆಯೇ ಒಂದು 94 ಕಟ್ಟಿದ್ರು, ಅದು ಕೊನೆಗೆ ಐರ್ಲೆಂಡಿನ ಕನಾಟ್ ರೇಂಜರ್ಸ್ ಜೊತೆ ಸೇರ್ತು. ಹಾಗಾಗಿ ಯಾರಾದ್ರೂ 94 ಗುಂಡಿ ತೋರಿಸಿ ಇದು ಟಿಪ್ಪು ಯುದ್ಧದ್ದು ಅಂದ್ರೆ, ಹಣ ಒಳಗಿಟ್ಕೊಂಡು ಸಂಖ್ಯೆ ಬಂದ ವರ್ಷ ಕೇಳಿ.

ಇನ್ನೊಂದು ವಿಷಯ, 1809ರಲ್ಲಿ ಆರು ಹೈಲ್ಯಾಂಡ್ ರೆಜಿಮೆಂಟುಗಳಿಂದ ಕಿಲ್ಟ್, ಅಂದ್ರೆ ಅಲ್ಲಿನ ಗಂಡಸರು ಉಡೋ ಚೌಕಳಿ ಲಂಗ, ವಾಪಸ್ ತಗೊಂಡ್ರು, 72, 73, 74, 75, 91, 94. ಕಿಲ್ಟ್ ಹಾಕ್ಬೇಕು ಅಂದ್ರೆ ಬೇರೆ ಕಡೆಯ ಹುಡುಗರು ಸೇರೋಕೆ ಹಿಂದೇಟು ಹಾಕ್ತಾರೆ ಅನ್ನೋದು ಕಾರಣ. ನಮ್ಮ ಶ್ರೀರಂಗಪಟ್ಟಣದ ನಾಲ್ಕೂ ಈ ಪಟ್ಟಿಯಲ್ಲಿವೆ ನೋಡಿ. ಆದ್ದರಿಂದ 1840ರ 74ನೇಯವರ ಕಿಲ್ಟಿನ ಮುಂದಿನ ಚೀಲ, ಸ್ಪೋರನ್, ಅಂತ ಯಾರಾದ್ರೂ ಮಾರೋಕೆ ಬಂದ್ರೆ ಅಲ್ಲೇ ಏನೋ ತಪ್ಪಿದೆ ಅಂತ ಅರ್ಥ.

ಮೂರನೇದು: ಚಿಕ್ಕದ್ರಿಂದ ಶುರು

ಗುಂಡಿ. ನನ್ನ ಪ್ರಕಾರ ಹೊಸಬರಿಗೆ ಇದಕ್ಕಿಂತ ಒಳ್ಳೇದು ಇಲ್ಲ, ಸಾಮಾನ್ಯದವು ಅಗ್ಗ, ಅಂಚೆಯಲ್ಲಿ ಬರತ್ತೆ, ಜಾಗ ಬೇಡ. ಬ್ರಿಟಿಷ್ ಸೈನಿಕರ ಗುಂಡಿ ಮೇಲೆ ರೆಜಿಮೆಂಟ್ ಸಂಖ್ಯೆ ಹಾಕೋಕೆ ಆದೇಶ ಆಗಿದ್ದು 1767ರಲ್ಲಿ. ಸಾಮಾನ್ಯ ಸಿಪಾಯಿಗಳದ್ದು 1855ರವರೆಗೂ ಪ್ಯೂಟರ್, ಅಂದ್ರೆ ತವರ ಮಿಶ್ರ ಮಾಡಿದ ಬೂದು ಲೋಹ, ಆಮೇಲೆ ಹಿತ್ತಾಳೆ. 1871ರಲ್ಲಿ ಸಿಪಾಯಿಗಳ ಗುಂಡಿಗಳಿಂದ ಸಂಖ್ಯೆ ತೆಗೆದು ಎಲ್ಲರಿಗೂ ಒಂದೇ ರಾಜಲಾಂಛನದ ಗುಂಡಿ ಕೊಟ್ರು, ಆಫೀಸರುಗಳು ಮಾತ್ರ ತಮ್ಮ ತಮ್ಮದೇ ಮುಂದುವರಿಸಿದ್ರು. ಗುಂಡಿ ಹಿಂದೆ ತಯಾರಕರ ಹೆಸರು ವಿಳಾಸ ಇರತ್ತೆ, ಲಂಡನ್ನಿನ ಫರ್ಮಿನ್ ಅನ್ನೋ ಹಳೇ ಕಂಪನಿ ಅಂಗಡಿ ಬದಲಾಯಿಸಿದಾಗೆಲ್ಲ ವಿಳಾಸಾನೂ ಬದಲಾಗಿದೆ, ಆ ವಿಳಾಸ ನೋಡಿ ಕಾಲ ಅಂದಾಜು ಮಾಡೋದು ತುಂಬಾ ಖುಷಿ ಕೊಡೋ ಕೆಲಸ.

ಆಮೇಲೆ ಶೋಲ್ಡರ್ ಟೈಟಲ್, ಭುಜದ ಮೇಲೆ ಹಾಕೋ ಹಿತ್ತಾಳೆ ಅಕ್ಷರಗಳು. ಇದೂ ಅಗ್ಗ. ನಂತರ ಕ್ಯಾಪ್ ಬ್ಯಾಡ್ಜು. ಹೈಲ್ಯಾಂಡ್ ರೆಜಿಮೆಂಟುಗಳ ಬ್ಯಾಡ್ಜು ದೊಡ್ಡದಾಗಿ ಅಂದವಾಗಿ ಇರತ್ವೆ, ಗ್ಲೆಂಗರಿ ಅನ್ನೋ ದೋಣಿ ಆಕಾರದ ಟೋಪಿಯ ಪಕ್ಕಕ್ಕೆ ಹಾಕ್ತಿದ್ದಿದ್ದು. ಗಾರ್ಡನ್‌ದು ಐವಿ ಬಳ್ಳಿ ಹಾರದೊಳಗೆ ಸಾರಂಗದ ತಲೆ, ಕೆಳಗೆ ಬೈಡ್ಯಾಂಡ್ ಅನ್ನೋ ಪದ. ಸೀಫೋರ್ತ್‌ದೂ ಸಾರಂಗದ ತಲೆಯೇ, ಆದ್ರೆ ಹಾರ ಇಲ್ಲ, ಕೆಳಗಿನ ಪಟ್ಟಿಯಲ್ಲಿ ಗೇಲಿಕ್ ಅನ್ನೋ ಸ್ಕಾಟ್ಲೆಂಡಿನ ಹಳೇ ಭಾಷೆಯ ಮಾತು ಇರತ್ತೆ. ಆರ್ಗೈಲ್‌ದು ಹಂದಿ ತಲೆ ಮತ್ತೆ ಕಾಡುಬೆಕ್ಕು, ವಿಕ್ಟೋರಿಯಾ ರಾಣಿ ಮಗಳು ಲೂಯಿಸ್ ಚಿತ್ರ ಬರೆದುಕೊಟ್ಟಿದ್ದು.

ಕಾಲರ್ ಬ್ಯಾಡ್ಜುಗಳನ್ನ ಜನ ಕಡೆಗಣಿಸ್ತಾರೆ, ನನಗೆ ಅವೇ ಪ್ರಾಣ. ಗಾರ್ಡನ್ ಹೈಲ್ಯಾಂಡರ್ಸ್ ಆಫೀಸರುಗಳ ಕಾಲರ್ ಮೇಲೆ ಹುಲಿ ಇತ್ತು, 75ನೇ ರೆಜಿಮೆಂಟಿಗೆ ಭಾರತದ ಸೇವೆಗಾಗಿ ಕೊಟ್ಟ ರಾಯಲ್ ಟೈಗರ್, 1881ರಲ್ಲಿ ಕೂಡಿಕೆ ಆದಾಗ ಕ್ಯಾಪಿನ ಮೇಲೆ 92ರ ಸಾರಂಗ ಉಳೀತು, 75ರ ಹುಲಿ ಕಾಲರಿಗೆ ಬಂತು. ಸೀಫೋರ್ತ್ ಕಾಲರ್ ಮೇಲೆ ಅಸ್ಸಾಯೆಯ ಆನೆ, ಯಾಕಂದ್ರೆ 1803ರ ಸೆಪ್ಟೆಂಬರ್ 23ಕ್ಕೆ ಈಗಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಆ ಊರಲ್ಲಿ ನಡೆದ ಯುದ್ಧದಲ್ಲಿ 74ರ ಜೊತೆ 78ನೇಯವರೂ ಇದ್ರು. ಕಾಲರ್ ಬ್ಯಾಡ್ಜು ಎಡ ಬಲ ಜೋಡಿಯಾಗಿ ಬರತ್ತೆ, ಎರಡು ಆನೆ ಎದುರುಬದುರು ನೋಡ್ಕೊಂಡಿರ್ಬೇಕು, ಒಂದೇ ಕಡೆ ನೋಡೋ ಎರಡು ಆನೆ ಜೋಡಿ ಅಲ್ಲ, ಎರಡು ಬಿಡಿ ಬ್ಯಾಡ್ಜು.

ಸ್ಪೋರನ್ ಅಂದ್ರೆ ಕಿಲ್ಟ್ ಮುಂದೆ ತೂಗುಬಿಡೋ ಕೂದಲಿನ ಚೀಲ. ಇದನ್ನ ಕುಚ್ಚು ಎಣಿಸಿ ಗುರುತಿಸ್ತಾರೆ. ಬ್ಲ್ಯಾಕ್ ವಾಚ್‌ದು ಬಿಳಿ ಕೂದಲ ಮೇಲೆ ಐದು ಕರೀ ಕುಚ್ಚು, ಗಾರ್ಡನ್ ಮತ್ತೆ ಸೀಫೋರ್ತ್ ಸಿಪಾಯಿಗಳದ್ದು ಬಿಳಿ ಮೇಲೆ ಎರಡು ಉದ್ದದ ಕರೀ ಕುಚ್ಚು, ಕ್ಯಾಮರನ್‌ದು ಇದಕ್ಕೆ ಉಲ್ಟಾ, ಕರೀ ಮೇಲೆ ಎರಡು ಬಿಳಿ, ಆರ್ಗೈಲ್‌ದು ಆರು. ಗಾರ್ಡನ್ನಾ ಸೀಫೋರ್ತಾ ಅಂತ ಗೊತ್ತಾಗದಿದ್ರೆ ಮೇಲ್ಗಡೆ ಬಾಯಿ ಪಟ್ಟಿ ಮೇಲಿರೋ ಬ್ಯಾಡ್ಜು ನೋಡಿ, ಆದ್ರೆ ಆ ಬ್ಯಾಡ್ಜು ಬದಲಾಯಿಸೋದು ಐದು ನಿಮಿಷದ ಕೆಲಸ ಅನ್ನೋದೂ ನೆನಪಿರಲಿ, ಸುತ್ತ ಚರ್ಮದ ಮೇಲೆ ಹಳೇ ಗುರುತು ಅದೇ ಆಕಾರಕ್ಕೆ ಬಿದ್ದಿದೆಯಾ ಅಂತ ನೋಡ್ಬೇಕು.

ಹೆಗಲ ಮೇಲಿನ ಹೊದಿಕೆಗೆ ಸಿಕ್ಕಿಸೋ ಪ್ಲೇಡ್ ಬ್ರೂಚ್, ಬೆಲ್ಟ್ ಪ್ಲೇಟ್, ಆಸ್ಟ್ರಿಚ್ ಗರಿಯ ದೊಡ್ಡ ಟೋಪಿ, ಇವೆಲ್ಲ ದುಬಾರಿ ಲೆಕ್ಕ, ಎರಡು ಮೂರು ವರ್ಷ ಕೈ ಪಳಗಿದ ಮೇಲೆ ನೋಡ್ಕೊಳ್ಳಿ.

ನಾಲ್ಕನೇದು: ತಿರುಗಿಸಿ ನೋಡಿ

ಇದೇ ಮುಖ್ಯ, ನಿಧಾನವಾಗಿ ಓದಿ.

ನಮ್ಮಲ್ಲಿ ಅಕ್ಕಸಾಲಿಗಳಿಗೆ ಅಚ್ಚಿನ ಕೆಲಸ ಬೇರೆ, ಎರಕದ ಕೆಲಸ ಬೇರೆ ಅಂತ ಕೈಗೆ ತಗೊಂಡ ತಕ್ಷಣ ಗೊತ್ತಾಗತ್ತೆ. ಇಲ್ಲೂ ಅದೇ. ಸಿಪಾಯಿಗಳ ಅಸಲಿ ಬ್ಯಾಡ್ಜು ಲೋಹದ ತಗಡನ್ನ ಉಕ್ಕಿನ ಅಚ್ಚಲ್ಲಿ ಒತ್ತಿ ಮಾಡಿದ್ದು, ಹಾಗಾಗಿ ಹಿಂದೆ ತಿರುಗಿಸಿದ್ರೆ ಮುಂದಿನ ಚಿತ್ರದ ತಗ್ಗು ಅಚ್ಚುಕಟ್ಟಾಗಿ ಮೂಡಿರತ್ತೆ. ನಕಲಿಗಳಲ್ಲಿ ಬಹಳಷ್ಟು ಎರಕ ಹೊಯ್ದಿದ್ದು, ಹಿಂಭಾಗ ಚಪ್ಪಟೆ ಅಥವಾ ಮರಳು ಮರಳಾಗಿ ಸಣ್ಣ ತೂತು ತೂತು, ಸಾರಂಗದ ಕಣ್ಣು, ಆನೆ ಸೊಂಡಿಲು ಕರಗಿದ ಹಾಗೆ ಮೊಂಡ. ಎರಕ ತಣ್ಣಗಾದಾಗ ಸ್ವಲ್ಪ ಕುಗ್ಗತ್ತೆ, ಆದ್ದರಿಂದ ಅಸಲಿ ಇಟ್ಕೊಂಡು ಅಚ್ಚು ತೆಗೆದ ನಕಲಿ ಅಸಲಿಗಿಂತ ಕೂದಲೆಳೆ ಚಿಕ್ಕದಿರತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಡಿಜಿಟಲ್ ಕ್ಯಾಲಿಪರ್ ಸಿಗತ್ತೆ, ಒಂದು ತಗೊಳ್ಳಿ. ಬ್ಯಾಡ್ಜಿನ ಮಧ್ಯೆ ಕೊರೆದ ಖಾಲಿ ಜಾಗಗಳ ಅಂಚೂ ನೋಡಿ, ಕತ್ತರಿಸಿದ ಅಂಚು ಚೂಪಾಗಿರತ್ತೆ, ಎರಕದ್ದು ದುಂಡಗೆ, ಕೆಲವು ಕಡೆ ಲೋಹ ಉಕ್ಕಿರತ್ತೆ.

ಹಿಂದೆ ಸಿಕ್ಕಿಸೋಕೆ ಎರಡು ರೀತಿ. ಒಂದು ಲಗ್, ಅಂದ್ರೆ ತಂತಿ ಕಿವಿಗಳು, ಬಟ್ಟೆಯಲ್ಲಿ ತೂರಿಸಿ ಹಿಂದಿಂದ ಕಾಟರ್ ಪಿನ್ ಹಾಕೋದು. ಇನ್ನೊಂದು ಸ್ಲೈಡರ್, ಉದ್ದ ಪಟ್ಟಿ, ಇದು ಸುಮಾರು 1900ರ ಆಸುಪಾಸಿಂದ ಬಂದಿದ್ದು. ಆದ್ರೆ ಹೈಲ್ಯಾಂಡ್ ಬ್ಯಾಡ್ಜುಗಳಲ್ಲಿ ಲಗ್ ಆಮೇಲೂ ಮುಂದುವರೀತು, ಆದ್ದರಿಂದ ಲಗ್ ಇದೆ ಅಂದ ಮಾತ್ರಕ್ಕೆ ಹಳೇದು ಅಲ್ಲ. ಬೆಸುಗೆ ನೋಡಿ. ನೂರು ವರ್ಷದ ಬೆಸುಗೆ ಸುತ್ತ ಲೋಹದ ಬಣ್ಣದ ಜೊತೆ ಒಂದಾಗಿ ಮಬ್ಬಾಗಿರತ್ತೆ, ಹೊಳೆಯೋ ಹೊಸ ಬೆಸುಗೆ ಇದ್ರೆ ರಿಪೇರಿ ಆಗಿದೆ ಇಲ್ಲಾ ಹೊಸದು. ರಿಪೇರಿ ದೋಷ ಅಲ್ಲ, ಸಿಪಾಯಿಗಳೇ ಮಾಡಿಸ್ಕೋತಿದ್ರು, ಆದ್ರೆ ಮಾರೋರು ಹೇಳಬೇಕು, ಬೆಲೆ ಕಮ್ಮಿ ಆಗ್ಬೇಕು.

ಸವೆತ ಎಲ್ಲಿದೆ ಅನ್ನೋದು ಇನ್ನೊಂದು ಸಾಕ್ಷಿ. ದಿನಾ ಪಾಲಿಷ್ ಹಚ್ಚಿ ಉಜ್ಜಿದ್ರೆ ಎತ್ತರದ ಭಾಗ ಮೊದಲು ಸವೆಯತ್ತೆ, ಮೂಗು, ಕೊಂಬಿನ ತುದಿ, ಕಿರೀಟದ ಮೇಲ್ಭಾಗ. ಎಲ್ಲಾ ಕಡೆ ಒಂದೇ ಸಮ ಸವೆದಿದ್ರೆ ಅದು ಸವೆದಿದ್ದಲ್ಲ, ಸವೆಸಿದ್ದು.

ಕಿರೀಟದ ಬಗ್ಗೆ ಎಲ್ಲರೂ ಹೇಳೋದು ಏನಂದ್ರೆ, ಮಧ್ಯೆ ತಗ್ಗಾದ ಕಿರೀಟ 1901ಕ್ಕೆ ಮುಂಚೆ ವಿಕ್ಟೋರಿಯಾ ಕಾಲದ್ದು, ಗುಮ್ಮಟದ ಹಾಗೆ ದುಂಡಗಿರೋದು 1901ರಿಂದ 1952ರವರೆಗೆ ರಾಜರ ಕಾಲದ್ದು, ತಿರುಗಾ ತಗ್ಗಿರೋದು ಎಲಿಜಬೆತ್ ಕಾಲದ್ದು ಅಂತ. ನಿಜ. ಆದ್ರೆ ಸ್ಕಾಟಿಷ್ ಸಾಮಾನಿಗೆ ಇದು ಅರ್ಧ ಮಾತ್ರ ಕೆಲಸಕ್ಕೆ ಬರತ್ತೆ, ಯಾಕಂದ್ರೆ ಸೀಫೋರ್ತ್ ಮತ್ತೆ ಕ್ಯಾಮರನ್ ಸಿಪಾಯಿಗಳ ಕ್ಯಾಪ್ ಬ್ಯಾಡ್ಜಲ್ಲಿ ರಾಜಕಿರೀಟವೇ ಇಲ್ಲ, ಗಾರ್ಡನ್‌ದ್ರಲ್ಲಿ ಸಾರಂಗದ ಕೆಳಗಿರೋದು ಸರದಾರರ ಚಿಕ್ಕ ಕಿರೀಟ, ಅದು ರಾಜ ಬದಲಾದ್ರೂ ಬದಲಾಗಲ್ಲ. ಬ್ಲ್ಯಾಕ್ ವಾಚ್ ಮತ್ತೆ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಗೆ ಮಾತ್ರ ಕಿರೀಟದ ಲೆಕ್ಕ ನಂಬಿ. ವಿಕ್ಟೋರಿಯಾ ಮತ್ತೆ ಎಲಿಜಬೆತ್ ಕಿರೀಟ ಎರಡೂ ತಗ್ಗಿನವೇ ಆಗಿರೋದ್ರಿಂದ ಹೊಸಬರು ಅಲ್ಲೂ ಎಡವುತ್ತಾರೆ. ಕಿರೀಟ ಇಲ್ಲದವಕ್ಕೆ ಲೋಹ ನೋಡಿ: ತೂಕವೇ ಇಲ್ದೆ ಮಿರಮಿರ ಹೊಳೀತಿದ್ರೆ ಅದು 1950ರ ದಶಕದ ನಂತರ ಬಂದ ಬಣ್ಣ ಹಾಕಿದ ಅಲ್ಯೂಮಿನಿಯಂ. ಸಾಮಾನ್ಯವಾಗಿ ಬಿಳಿ ಲೋಹ ಬಳಸ್ತಿದ್ದ ಕಡೆ ಪೂರ್ತಿ ಹಿತ್ತಾಳೆ ಬಂದಿದ್ರೆ 1916ರ ಯುದ್ಧಕಾಲದ ಉಳಿತಾಯದ ಬ್ಯಾಡ್ಜು ಇರಬಹುದು, ಎರಡನೇ ಯುದ್ಧದಲ್ಲಿ ಪ್ಲಾಸ್ಟಿಕ್‌ನಲ್ಲೂ ಮಾಡಿದ್ರು.

ಬೆಳ್ಳಿ ಸಾಮಾನಾದ್ರೆ ಹಾಲ್‌ಮಾರ್ಕ್ ಇರಬೇಕು. ಎಡಿನ್‌ಬರೋದಲ್ಲಿ ಮುದ್ರೆ ಹಾಕಿದ್ದಕ್ಕೆ ಮೂರು ಗೋಪುರದ ಕೋಟೆ, 1759ರಿಂದ 1970ರ ದಶಕದ ಮಧ್ಯದವರೆಗೂ ಜೊತೆಗೆ ಥಿಸಲ್ ಅನ್ನೋ ಮುಳ್ಳುಹೂವು, ಬರ್ಮಿಂಗ್ಹ್ಯಾಂದಕ್ಕೆ ಲಂಗರು. ಪಕ್ಕದಲ್ಲಿರೋ ಅಕ್ಷರ ಇಸವಿ ಹೇಳತ್ತೆ.

ತಯಾರಕರ ಹೆಸರು ನೋಡಿ ಮಾತ್ರ ನಂಬಬೇಡಿ. ಒಬ್ಬ ಆನ್‌ಲೈನ್ ಮಾರಾಟಗಾರನಿಂದ ನಾನು ತಗೊಂಡ ಒಂದು ಗಾರ್ಡನ್ ಬ್ಯಾಡ್ಜಿನ ಹಿಂದೆ ಬರ್ಮಿಂಗ್ಹ್ಯಾಮಿನ ಹೆಸರಾಂತ ತಯಾರಕರ ಮುದ್ರೆ ಸ್ಪಷ್ಟವಾಗಿ ಇತ್ತು, ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಕಾಲದ್ದು ಅಂತ ಬರೆದಿದ್ದ, ಬಂದಮೇಲೆ ನೋಡಿದ್ರೆ ಒಂದು ಕಡೇನೂ ಸವೆತ ಇಲ್ಲ, ಸ್ಲೈಡರ್ ಮಡಚೇ ಇಲ್ಲ. ಹಳೇ ಅಚ್ಚಿಂದ ಈಚೆಗೆ ಮತ್ತೆ ಒತ್ತಿದ್ದು, ರೀಸ್ಟ್ರೈಕ್ ಅಂತಾರೆ ಇದಕ್ಕೆ. ಅಚ್ಚು ಅಸಲಿ ಆಗಿರೋದ್ರಿಂದ ಚಿತ್ರದಲ್ಲಿ ತಪ್ಪು ಸಿಗಲ್ಲ, ಅದೇ ಕಷ್ಟ. 60 ಪೌಂಡ್ ಹೋಯ್ತು, ಅವತ್ತು ತುಂಬಾ ಬೇಜಾರಾಗಿತ್ತು. ಈಗ ಅದನ್ನ ಅಸಲಿ ಪಕ್ಕದಲ್ಲೇ ಇಟ್ಟು ಹುಡುಗರಿಗೆ ವ್ಯತ್ಯಾಸ ತೋರಿಸೋಕೆ ಬಳಸ್ತೀನಿ. ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ಪೈಪ್ ಬ್ಯಾಂಡುಗಳಿಗೆ ಅಂತ ಹೊಸ ಸ್ಪೋರನ್, ಬ್ಯಾಡ್ಜು ರಾಶಿ ರಾಶಿ ತಯಾರಾಗತ್ತೆ, ಅದು ಪ್ರಾಮಾಣಿಕ ಕಸುಬು, ಹಳೇದು ಅಂತ ಹೇಳಿ ಮಾರಿದಾಗ ಮಾತ್ರ ಮೋಸ.

ಐದನೇದು: ಕೊಳ್ಳೋದು

ಬ್ರಿಟನ್ನಿನ ಹರಾಜು ಮನೆಗಳು ಈಗ ಆನ್‌ಲೈನ್ ಬಿಡ್ ತಗೋತಾರೆ. ಸುತ್ತಿಗೆ ಬಿದ್ದ ಬೆಲೆ ನೀವು ಕೊಡೋ ಬೆಲೆ ಅಲ್ಲ, ಅದರ ಮೇಲೆ ಹರಾಜು ಮನೆ ಕಮಿಷನ್ ಸಾಮಾನ್ಯವಾಗಿ 20ರಿಂದ 30 ಪರ್ಸೆಂಟ್, ಅದರ ಮೇಲೆ ತೆರಿಗೆ, ಪೋಸ್ಟೇಜ್, ಇನ್ಶೂರೆನ್ಸ್, ಇಲ್ಲಿ ಬಂದಮೇಲೆ ಕಸ್ಟಮ್ಸ್. ನಾನು ಮನಸ್ಸಲ್ಲಿ ಬೆಲೆ ಕಟ್ಟೋವಾಗ ಸುತ್ತಿಗೆ ಬೆಲೆಗೆ ಒಂದೂವರೆ ಪಟ್ಟಿಗಿಂತ ಜಾಸ್ತೀನೇ ಲೆಕ್ಕ ಹಾಕ್ಕೊಂಡು ಬಿಡ್ ಮಾಡೋದು. ಬಿಡ್ ಮಾಡೋಕೆ ಮುಂಚೆ ಹಿಂಭಾಗದ ಫೋಟೋ ಕೇಳಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದಿದ್ದು. ಕಳಿಸೋಕೆ ಹಿಂದೆಮುಂದೆ ನೋಡ್ತಾರೆ ಅಂದ್ರೆ ಅಲ್ಲಿಗೆ ಬಿಟ್ಟುಬಿಡಿ.

ಬೆಂಗಳೂರಿನ ಸಂಡೆ ಬಜಾರ್‌ನಲ್ಲಿ ಆಗಾಗ ಬ್ರಿಟಿಷ್ ಬ್ಯಾಡ್ಜು, ಗುಂಡಿ ಕಾಣಿಸ್ತವೆ, ಕಂಟೋನ್ಮೆಂಟ್ ಇದ್ದ ಊರು ತಾನೆ. ಆದ್ರೆ ಶ್ರೀರಂಗಪಟ್ಟಣದ ನೆಲದಲ್ಲಿ ಸಿಕ್ಕಿದ್ದು ಅಂತ ಯಾರಾದ್ರೂ ಗುಂಡಿ, ಗುಂಡು ತೋರಿಸಿದ್ರೆ ದಯವಿಟ್ಟು ಕೊಳ್ಳಬೇಡಿ. ರಕ್ಷಿತ ಸ್ಮಾರಕದ ಜಾಗದಲ್ಲಿ ಅಗೆಯೋದು ಅಪರಾಧ, ಅಷ್ಟೇ ಅಲ್ಲ, ನೆಲದಿಂದ ಕಿತ್ತ ವಸ್ತು ಎಲ್ಲಿ ಹೇಗೆ ಬಿದ್ದಿತ್ತು ಅನ್ನೋ ಸಂಗತಿ ಶಾಶ್ವತವಾಗಿ ಕಳೆದುಹೋಗತ್ತೆ. ನಾವು ಕೊಂಡ್ರೆ ತಾನೆ ಅವರು ಅಗೆಯೋದು.

ಶ್ರೀರಂಗಪಟ್ಟಣ ಪದಕದ ಬಗ್ಗೆ ಕೇಳೋರಿದ್ದಾರೆ. ಅದು ಸಮವಸ್ತ್ರದ ಸಾಮಾನು ಅಲ್ಲ, ಆದ್ರೂ ಹೇಳ್ತೀನಿ. ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ್ದು, ಬರ್ಮಿಂಗ್ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಕುಷ್ಲರ್ ಅನ್ನೋ ಕಲಾವಿದ ಅಚ್ಚು ಕೊರೆದಿದ್ದು, 48 ಮಿಲಿಮೀಟರ್, ಸಿಂಹ ಹುಲಿಯನ್ನ ಕೆಡವಿರೋ ಚಿತ್ರ. ದರ್ಜೆ ಪ್ರಕಾರ ಚಿನ್ನ, ಚಿನ್ನದ ನೀರು ಕೊಟ್ಟ ಬೆಳ್ಳಿ, ಬೆಳ್ಳಿ, ಕಂಚು, ತವರದಲ್ಲಿ ಹಂಚಿದ್ರು. ರಿಬ್ಬನ್‌ಗೆ ಕೊಂಡಿ ಇಲ್ದೇನೇ ಕೊಟ್ಟಿದ್ದು, ಪಡೆದವರು ಆಮೇಲೆ ತಮ್ಮಿಷ್ಟಕ್ಕೆ ಹಾಕಿಸ್ಕೊಂಡ್ರು. ಇದರ ನಕಲು ಬಹಳ, ಹೊಸಬರು ದೂರ ಇರಿ.

ಆರನೇದು: ಕಾನೂನು

ಸ್ಗಿಯಾನ್ ದೂ ಅಂತ ಕಾಲುಚೀಲದಲ್ಲಿ ಸಿಕ್ಕಿಸೋ ಚಾಕು, ಡರ್ಕ್ ಅನ್ನೋ ಉದ್ದ ಕಠಾರಿ, ಬುಟ್ಟಿ ಹಿಡಿಕೆಯ ಕತ್ತಿ, ಇವನ್ನ ವಿದೇಶದಿಂದ ತರಿಸೋ ಯೋಚನೆ ಬಿಡಿ, ಆಯುಧ ಕಾಯ್ದೆ, ಕೊರಿಯರ್ ನಿಯಮ, ಕಸ್ಟಮ್ಸ್ ಮೂರೂ ಕಡೆ ಸಿಕ್ಕಿಹಾಕ್ಕೋತೀರ. ಸ್ಪೋರನ್‌ನಲ್ಲಿ ಸೀಲ್, ನೀರುನಾಯಿ ಚರ್ಮ ಇದ್ರೂ, ಹಿಡಿಕೆಯಲ್ಲಿ ದಂತ ಇದ್ರೂ ವನ್ಯಜೀವಿ ಕಾನೂನು ಬರತ್ತೆ, ಪರವಾನಗಿ ಇಲ್ದೆ ತರೋ ಹಾಗಿಲ್ಲ. ಬ್ರಿಟನ್ನಲ್ಲೇ ದಂತದ ವ್ಯಾಪಾರಕ್ಕೆ 2022ರ ಜೂನ್‌ನಿಂದ ಹೆಚ್ಚುಕಮ್ಮಿ ಪೂರ್ತಿ ನಿಷೇಧ ಇದೆ. ಮೇಕೆ ಕೂದಲು, ಕುದುರೆ ಕೂದಲಿನದಾದ್ರೆ ಆ ತೊಂದರೆ ಇಲ್ಲ. ಇನ್ನೊಂದು, ನೂರು ವರ್ಷ ದಾಟಿದ ಕಲಾವಸ್ತು, ಐತಿಹಾಸಿಕ ವಸ್ತು ಭಾರತದೊಳಗೆ ಇದ್ರೆ ಅದು 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ಹೊರದೇಶಕ್ಕೆ ಖಾಸಗಿಯಾಗಿ ಮಾರೋ ಹಾಗಿಲ್ಲ. ತರಿಸಿದ ಪ್ರತಿಯೊಂದರ ಬಿಲ್ಲು, ಕಸ್ಟಮ್ಸ್ ಕಾಗದ ಜೋಪಾನವಾಗಿ ಇಡಿ.

ಏಳನೇದು: ಇಟ್ಕೊಳ್ಳೋದು

ಹುಣಸೆಹಣ್ಣು ಬೇಡ. ಪೀತಾಂಬರಿ ಬೇಡ. ಬ್ರಾಸೋ ಬೇಡ. ಮನೆಗೆ ಬಂದ ಹಿತ್ತಾಳೆ ಸಾಮಾನು ಕಪ್ಪಗಿದ್ರೆ ನಮ್ಮ ಮನೆ ಹೆಂಗಸರಿಗೆ ಗಂಡಸರಿಗೆ ಎಲ್ಲರಿಗೂ ಕೈ ತುರಿಸತ್ತೆ, ದೀಪ ಬೆಳಗಿದ ಹಾಗೆ ಬೆಳಗಿಬಿಡೋಣ ಅಂತ. ನೂರು ವರ್ಷ ಕೂತ ಆ ಬಣ್ಣ ಹೋದ್ರೆ ತಿರುಗಾ ನೂರು ವರ್ಷ ಬೇಕು, ಬೆಲೇನೂ ಇಳಿಯತ್ತೆ, ಸಣ್ಣ ಗೆರೆಗಳೂ ಸವೆಯತ್ತೆ. ಮೆತ್ತಗಿನ ಬ್ರಶ್‌ನಲ್ಲಿ ಧೂಳು ತೆಗೀರಿ, ಸಾಕು. ಹಸಿರು ಕಿಲುಬು ಇದ್ರೆ, ಅದರಲ್ಲೂ ಚರ್ಮ ಮತ್ತೆ ಹಿತ್ತಾಳೆ ಸೇರೋ ಕಡೆ ಮೇಣದ ಹಾಗೆ ಕಟ್ಟಿದ್ರೆ, ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ. ಮೇಲೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ತೆಳ್ಳಗೆ ಹಚ್ಚಿದ್ರೆ ಕೈ ಬೆವರಿಂದ ರಕ್ಷಣೆ.

ನಮ್ಮ ಮಳೆಗಾಲ ಸ್ಕಾಟ್ಲೆಂಡಿನ ಮಳೆ ಹಾಗಲ್ಲ, ಮಂಗಳೂರು, ಮಡಿಕೇರಿ ಕಡೆಯವರಿಗೆ ಹೇಳೋದೇ ಬೇಡ, ಜೂನ್ ಬಂತು ಅಂದ್ರೆ ಚರ್ಮದ ಮೇಲೆ ಎರಡೇ ದಿನಕ್ಕೆ ಬೂಷ್ಟು. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಬಣ್ಣ ಬದಲಾದ್ರೆ ಒಣಗಿಸಿ ಮತ್ತೆ ಹಾಕೋದು. ಮೆತ್ತನೆ ಪಿವಿಸಿ ಕವರ್‌ನಲ್ಲಿ ಇಡಬೇಡಿ, ಅದರಿಂದ ಬರೋ ಅನಿಲಕ್ಕೆ ಲೋಹ ಹಾಳಾಗತ್ತೆ, ರಬ್ಬರ್ ಬ್ಯಾಂಡ್ ಬೆಳ್ಳಿಯನ್ನ ಕಪ್ಪು ಮಾಡತ್ತೆ. ಕೂದಲಿನ ಸ್ಪೋರನ್, ಉಣ್ಣೆ ಬಟ್ಟೆಗೆ ನುಸಿ ಬಿದ್ರೆ ಮುಗೀತು. ಹೊಸದಾಗಿ ಬಂದ ಯಾವುದೇ ಉಣ್ಣೆ, ಕೂದಲ ಸಾಮಾನನ್ನ ಪಾಲಿಥೀನ್‌ನಲ್ಲಿ ಗಾಳಿ ಹೋಗದ ಹಾಗೆ ಸುತ್ತಿ ಎರಡು ವಾರ ಡೀಪ್ ಫ್ರೀಜರ್‌ನಲ್ಲಿ ಇಡಿ, ತೆಗೆದ ಮೇಲೆ ಒಂದು ದಿನ ಬಿಚ್ಚಬೇಡಿ, ಇಲ್ಲಾಂದ್ರೆ ನೀರು ಕಟ್ಟತ್ತೆ. ಮನೆಯಲ್ಲಿ ಒಪ್ಪಿಗೆ ತಗೊಂಡೇ ಮಾಡಿ.

ಆಫೀಸರ್, ಸಾರ್ಜೆಂಟುಗಳ ಸ್ಪೋರನ್‌ನಲ್ಲಿ ಬ್ಯಾಜರ್ ಅನ್ನೋ ಪ್ರಾಣಿಯ ತಲೇನೇ ಇರೋದುಂಟು. ಹಳೇ ಕಾಲದಲ್ಲಿ ಪ್ರಾಣಿ ತಲೆ, ಚರ್ಮ ಕೆಡದೇ ಇರೋಕೆ ಆರ್ಸೆನಿಕ್ ಹಚ್ತಿದ್ರು. ಕೈಗವಸು, ಮಾಸ್ಕ್ ಇಲ್ದೆ ಮುಟ್ಟಬೇಡಿ, ಮಕ್ಕಳ ಕೈಗೆ ಸಿಗೋ ಹಾಗೆ ಇಡಲೇಬೇಡಿ.

ಕೊನೇದು: ಬರೆದಿಡಿ

ಕೆಲವು ಬೆಲ್ಟು, ಸ್ಪೋರನ್ ಹಿಂದೆ ಸೈನಿಕನ ನಂಬರ್ ಒತ್ತಿರತ್ತೆ, ಅದೃಷ್ಟ ಇದ್ರೆ ಹೆಸರೂ ಸಿಗತ್ತೆ. ಆಫೀಸರ್ ಹೆಸರಾದ್ರೆ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನವರು ಹಳೇ ಆರ್ಮಿ ಲಿಸ್ಟುಗಳನ್ನ ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದ್ದಾರೆ. ಯುದ್ಧದಲ್ಲಿ ಸತ್ತವನಾದ್ರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಸೈಟಲ್ಲಿ ಸಮಾಧಿ ಎಲ್ಲಿದೆ ಅಂತ ಹುಡುಕಬಹುದು. ಮೊದಲ ಮಹಾಯುದ್ಧದ ಸಿಪಾಯಿಗಳ ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿವೆ, ಸಿಗದಿದ್ರೆ ಆಶ್ಚರ್ಯ ಬೇಡ.

ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಸಾಮಾನಿಗೂ ಒಂದು ಪುಟ: ಯಾವತ್ತು, ಯಾರಿಂದ, ಎಷ್ಟಕ್ಕೆ, ಅಳತೆ, ತೂಕ, ಹಿಂಭಾಗದ ವಿವರ, ಮಾರಿದವರು ಹೇಳಿದ ಕಥೆ ಒಂದು ಕಡೆ, ನೀವು ಖಚಿತ ಮಾಡ್ಕೊಂಡಿದ್ದು ಇನ್ನೊಂದು ಕಡೆ. ಎರಡನ್ನೂ ಬೆರೆಸಬೇಡಿ. ನನ್ನ 74ನೇ ರೆಜಿಮೆಂಟಿನ ಗುಂಡಿ ಪುಟದಲ್ಲಿ ಎಡಕ್ಕೆ ಮಾರಿದವರು ಹೇಳಿದ್ದು ಶ್ರೀರಂಗಪಟ್ಟಣದ ಕಾಲದ್ದು ಅಂತ ಇದೆ, ಬಲಕ್ಕೆ ನಾನು ಬರೆದಿರೋದು ಹಿತ್ತಾಳೆ, ಸಿಪಾಯಿಯದ್ದು, ಹಾಗಾಗಿ 1855ರಿಂದ 1871ರ ಒಳಗಿನದು, ಅಷ್ಟೇ. ಪ್ಯೂಟರಿನ ಒಂದು 74 ಇನ್ನೂ ಹುಡುಕ್ತಾ ಇದೀನಿ, ಆ ಪುಟ ಖಾಲಿ ಬಿಟ್ಟಿದೀನಿ.